ಸಹಾಯ ಬೇಕು: ಹೋಟೆಲ್ ಚಿಕನ್ ಸ್ಟ್ರಿಪ್ಸ್‌ನಲ್ಲಿ ಪ್ರೋಟೀನ್ ಎಷ್ಟು, ಎಣ್ಣೆ ಎಷ್ಟು?

ಎಲ್ಲರಿಗೂ ನಮಸ್ಕಾರ ರೀ. ಕಲಬುರಗಿಯ ಡಯಟಿಷಿಯನ್ ಯಾರಾದರೂ ಇಲ್ಲಿದ್ದರೆ ದಯವಿಟ್ಟು ಹೇಳಿ.

ನನ್ನ ತಮ್ಮ ಜಿಮ್‌ಗೆ ಸೇರಿದ್ದಾನೆ. ಪ್ರೋಟೀನ್ ಬೇಕು ಅಂತ ಸೂಪರ್ ಮಾರ್ಕೆಟ್ ಕಡೆಯ ಒಂದು ಹೋಟೆಲ್‌ನಿಂದ ಕರಿದ ಚಿಕನ್ ಸ್ಟ್ರಿಪ್ಸ್ ತಂದು ರಾತ್ರಿ ಊಟಕ್ಕೆ ಅದನ್ನೇ ತಿನ್ನುತ್ತಾನೆ, ರೊಟ್ಟಿ ಬ್ಯಾಳಿ ಮುಟ್ಟುವುದೇ ಇಲ್ಲ. ಚರ್ಮ ತೆಗೆದು ಬೇಯಿಸಿದ ಎದೆ ಮಾಂಸ 100 ಗ್ರಾಂ ತಿಂದರೆ ಸುಮಾರು 165 ಕ್ಯಾಲೊರಿ, 31 ಗ್ರಾಂ ಪ್ರೋಟೀನ್ ಸಿಗುತ್ತದೆ, ಅದು ಸರಿ. ಆದರೆ ಹಿಟ್ಟು ಹಚ್ಚಿ ಕರಿದರೆ ಅದೇ ತೂಕಕ್ಕೆ ಕ್ಯಾಲೊರಿ 300ರ ಹತ್ತಿರ ಹೋಗುತ್ತದೆ, ಪ್ರೋಟೀನ್ 20 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಒಂದನ್ನು ಮುರಿದು ನೋಡಿದೆ. ದಪ್ಪ ಗರಿಗರಿ ಪದರ ಪೂರ್ತಿ ಕಳಚಿ ಕೈಗೆ ಬಂತು, ಒಳಗಿನ ಮಾಂಸ ಬೆರಳಿನಷ್ಟೂ ದಪ್ಪ ಇಲ್ಲ, ಕೆಳಗಿನ ಪೇಪರ್ ಎಣ್ಣೆಗೆ ಆರಪಾರ ಕಾಣುತ್ತಿತ್ತು.

ನನಗೆ ಜಾಸ್ತಿ ಚಿಂತೆ ಉಪ್ಪಿನದು. ಬಿಪಿ ಇರುವ ಅಪ್ಪನೂ ಅವನ ಜೊತೆ ಕೂತು ತಿನ್ನುತ್ತಾರೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಸ್ಟ್ರಿಪ್ಸ್‌ನಲ್ಲಿ ಮಾಂಸ ನೆನೆಸುವಾಗ ಉಪ್ಪು, ಹಿಟ್ಟಿಗೆ ಉಪ್ಪು, ಅದ್ದಿ ತಿನ್ನುವ ಮೇಯೋನೀಸ್‌ನಲ್ಲೂ ಉಪ್ಪು, ಅಲ್ವಾ?

10 ಅಥವಾ ಹೆಚ್ಚು ಕಡೆ ಶಾಖೆ ಇರುವ ಹೋಟೆಲ್‌ಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕು ಅಂತ ನಿಯಮವಿದೆ. ಇದು ಒಂದೇ ಅಂಗಡಿ, ಏನೂ ಬರೆದಿಲ್ಲ. ಹಾಗಾದರೆ ಪದರ ತೆಗೆದು ಮಾಂಸ ಮಾತ್ರ ತೂಗಿ ಲೆಕ್ಕ ಹಾಕಬಹುದಾ? ಮನೆಯಲ್ಲೇ ತವೆ ಮೇಲೆ ಕಡಿಮೆ ಎಣ್ಣೆಯಲ್ಲಿ, ಒಣಗದ ಹಾಗೆ ಮಾಡುವ ವಿಧಾನ ಗೊತ್ತಿದ್ದವರು ಅದನ್ನೂ ಬರೆಯಿರಿ. ರುಚಿ ಇಲ್ಲದಿದ್ದರೆ ಅವನು ಮತ್ತೆ ಅಲ್ಲಿಗೇ ಹೋಗುತ್ತಾನೆ.