ಹಳ್ಳಿಯ ಸರ್ಕಾರಿ ಶಾಲೆಯನ್ನು ಒಪ್ಪಂದದ ಮೇಲೆ ಸಂಸ್ಥೆಗೆ ಒಪ್ಪಿಸಬಹುದೇ?

ಪ್ರಶ್ನೆ: ಘಟ್ಟದಂಚಿನ ಪಾಲಕ, ಶಿರಸಿ

ಶಿರಸಿ ತಾಲ್ಲೂಕಿನ ಘಟ್ಟದಂಚಿನಲ್ಲಿರುವ ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈಗ ಹನ್ನೊಂದು ಮಕ್ಕಳಿದ್ದಾರೆ, ಕಲಿಸುವವರು ಒಬ್ಬರೇ ಅಕ್ಕೋರು. ಅವರು ತರಬೇತಿಗೋ ಸಭೆಗೋ ಹೋದ ದಿನ ಪಾಠ ನಡೆಯುವುದಿಲ್ಲ. ಅನುಕೂಲವಿದ್ದವರ ಮಕ್ಕಳು ಬೆಳಿಗ್ಗೆ ಏಳೂವರೆಗೇ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಹತ್ತುತ್ತಾರೆ. ಮಳೆಗಾಲದಲ್ಲಿ ಸಂಕ ದಾಟಿ ಇಲ್ಲಿಗೆ ಬರುವವರು ಹೆಚ್ಚಾಗಿ ಕೂಲಿ ಮಾಡುವವರ ಮಕ್ಕಳು.

ಕಳೆದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಸದಸ್ಯರೊಬ್ಬರು ಅಮೆರಿಕದ ಚಾರ್ಟರ್ ಶಾಲೆಗಳ ವಿಷಯ ತೆಗೆದರು. 1991ರಲ್ಲಿ ಮಿನ್ನೆಸೋಟ ರಾಜ್ಯ ಇದಕ್ಕಾಗಿ ಮೊದಲ ಕಾನೂನು ಮಾಡಿತು, ಮರುವರ್ಷವೇ ಅಲ್ಲಿ ಮೊದಲ ಶಾಲೆ ತೆರೆಯಿತು. ಹಣ ಸರ್ಕಾರದ್ದು, ಮಕ್ಕಳಿಗೆ ಶುಲ್ಕವಿಲ್ಲ, ಆಡಳಿತ ಮಾತ್ರ ಸ್ವತಂತ್ರ ಸಂಸ್ಥೆಯದು. ಒಪ್ಪಂದದಲ್ಲಿ ಮಾತು ಕೊಟ್ಟಷ್ಟು ಕಲಿಕೆ ಆಗದಿದ್ದರೆ ಅವಧಿ ಮುಗಿದ ಮೇಲೆ ಶಾಲೆಯನ್ನು ಮುಚ್ಚಬಹುದು. ನಮ್ಮ ಶಾಲೆಯನ್ನೂ ಹೀಗೆಯೇ ಒಂದು ಟ್ರಸ್ಟಿಗೆ ಒಪ್ಪಿಸಲು ಸರ್ಕಾರ ಅವಕಾಶ ಕೊಡಬೇಕೆಂಬುದು ಅವರ ವಾದ. ಶಾಲೆ ಉಳಿಯುವುದಾದರೆ ಆಗಲಿ ಎಂದು ನನ್ನ ಮನಸ್ಸೂ ಅತ್ತ ವಾಲುತ್ತಿದೆ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ನಿವೃತ್ತ ಗಣಿತ ಶಿಕ್ಷಕ, ಅಂಕೋಲಾ

ಮಾನ್ಯರೇ, ನಾನು ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕಲಿಸಿದವನು. ಹಣ ಸರ್ಕಾರದ್ದು, ಆಡಳಿತ ಸಂಸ್ಥೆಯದು ಎಂಬ ಏರ್ಪಾಡು ನಮ್ಮ ಜಿಲ್ಲೆಗೆ ಹೊಸದಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಗಳ ಬಳಿಗೆ ಪ್ರೌಢಶಾಲೆಯನ್ನು ಒಯ್ದದ್ದನ್ನು ನಮ್ಮ ತಲೆಮಾರಿನವರು ಮರೆಯಲು ಸಾಧ್ಯವಿಲ್ಲ. ಆದ್ದರಿಂದ ಸಂಸ್ಥೆ ಎಂದ ಕೂಡಲೇ ನಾನು ಅನುಮಾನಪಡುವವನಲ್ಲ.

ಆದರೆ ಎರಡೂ ಏರ್ಪಾಡುಗಳಲ್ಲಿ ಹಣ ಹರಿಯುವ ಬಗೆ ಬೇರೆಯೆಂಬುದನ್ನು ಗಮನಿಸಬೇಕು. ನಮ್ಮ ಅನುದಾನ ಹುದ್ದೆಗೆ ಸಲ್ಲುತ್ತದೆ: ಇಲಾಖೆ ಅನುಮೋದಿಸಿದ ಶಿಕ್ಷಕರ ಸಂಬಳವನ್ನು ಸರ್ಕಾರ ಭರಿಸುತ್ತದೆ. ಚಾರ್ಟರ್ ಶಾಲೆಗೆ ಮುಖ್ಯವಾಗಿ ಮಗುವಿನ ಲೆಕ್ಕದಲ್ಲಿ ಹಣ ಬರುತ್ತದೆ. ಮಗು ಎಲ್ಲಿಗೆ ಹೋಗುತ್ತದೋ ಹಣ ಅಲ್ಲಿಗೆ. ಹನ್ನೊಂದು ಮಕ್ಕಳ ತಲೆಲೆಕ್ಕದ ಹಣದಲ್ಲಿ ಒಬ್ಬ ಕಾಯಂ ಶಿಕ್ಷಕರಿಗೆ ಸರಿಯಾದ ಸಂಬಳ ಕೊಡುವುದೇ ಕಷ್ಟವಾಗಿರುವಾಗ ಯಾವ ಟ್ರಸ್ಟು ನಿಮ್ಮೂರಿಗೆ ಬಂದೀತು? ಬಂದರೂ ನಾಲ್ಕು ಊರಿನ ಮಕ್ಕಳನ್ನು ಒಂದೆಡೆ ಸೇರಿಸದೆ ಅದಕ್ಕೆ ಗಿಟ್ಟುವುದಿಲ್ಲ. ಆಗ ನಿಮ್ಮ ಶಾಲೆಯ ಬಾಗಿಲಿಗೇ ಮೊದಲು ಬೀಗ ಬೀಳುತ್ತದೆ.

ಇನ್ನೊಂದು ಮಾತಿದೆ. ಇಂದು ನಿಮ್ಮ ಎಸ್‌ಡಿಎಂಸಿಗೆ ಶಾಲೆಯ ಅಭಿವೃದ್ಧಿ ಯೋಜನೆ ಮಾಡುವ, ಅನುದಾನದ ಬಳಕೆಯನ್ನು ನೋಡಿಕೊಳ್ಳುವ ಅಧಿಕಾರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಾದ ತಿದ್ದುಪಡಿಯ ಪ್ರಕಾರ ಅನುದಾನಿತ ಶಾಲೆಗಳ ಇಂಥ ಸಮಿತಿ ಸಲಹೆ ಮಾತ್ರ ಕೊಡಬಲ್ಲದು. ಶಾಲೆಯನ್ನು ಸಂಸ್ಥೆಗೆ ಒಪ್ಪಿಸಿ ಅದು ಅನುದಾನಿತ ಶಾಲೆಗಳ ಸಾಲಿಗೆ ಸೇರಿದರೆ, ಪಾಲಕರಾದ ನಿಮ್ಮ ಪಾಲಿಗೆ ಉಳಿಯುವುದು ಅಷ್ಟೇ.

ಉತ್ತರ: ಕುಮಟಾದವಳು, ಸದ್ಯ ಬಾಸ್ಟನ್

ಮಾಸ್ತರರ ಮಾತಿಗೆ ಗೌರವವಿಟ್ಟೇ ಇನ್ನೊಂದು ಮಗ್ಗುಲನ್ನು ಹೇಳುತ್ತೇನೆ, ಏಕೆಂದರೆ ನನ್ನ ಮಗಳು ಇಲ್ಲಿನ ಚಾರ್ಟರ್ ಶಾಲೆಯಲ್ಲಿಯೇ ಓದುತ್ತಿದ್ದಾಳೆ. ಸೀಟಿಗಿಂತ ಅರ್ಜಿ ಹೆಚ್ಚಾದಾಗ ಇಲ್ಲಿ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಗೆದ್ದವರನ್ನೂ ಸೋತವರನ್ನೂ ಹೋಲಿಸಿ ಸಂಶೋಧಕರು ನಡೆಸಿದ ಅಧ್ಯಯನಗಳಲ್ಲಿ ಬಾಸ್ಟನ್ನಿನ ಚಾರ್ಟರ್ ಶಾಲೆಗಳ ಮಕ್ಕಳು, ವಿಶೇಷವಾಗಿ ಗಣಿತದಲ್ಲಿ, ಬಹಳ ಮುಂದೆ ಹೋದದ್ದು ಕಂಡುಬಂದಿದೆ. ಬಡ ಕುಟುಂಬಗಳ ಮಕ್ಕಳಿಗೆ ಆದ ಈ ಲಾಭವನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಎಲ್ಲೆಡೆಯೂ ಹೀಗಾಗಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಹದಿನಾರು ಕಡೆಗಳ ಚಾರ್ಟರ್ ಶಾಲೆಗಳನ್ನು ನೋಡಿದಾಗ, ಗಣಿತದ ಕಲಿಕೆಯಲ್ಲಿ ಶೇ. 17ರಷ್ಟು ಶಾಲೆಗಳು ಹತ್ತಿರದ ಸಾಮಾನ್ಯ ಸರ್ಕಾರಿ ಶಾಲೆಗಳಿಗಿಂತ ಉತ್ತಮವಾಗಿದ್ದವು, ಶೇ. 37ರಷ್ಟು ಅವಕ್ಕಿಂತ ಕೆಳಗಿದ್ದವು, ಉಳಿದವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅದೇ ತಂಡದ 2013 ಮತ್ತು 2023ರ ವರದಿಗಳಲ್ಲಿ ಚಿತ್ರ ಸುಧಾರಿಸಿದೆ. ಆದರೂ ಆನ್‌ಲೈನಿನಲ್ಲೇ ನಡೆಯುವ ಚಾರ್ಟರ್ ಶಾಲೆಗಳ ಮಕ್ಕಳು ಬಹಳ ಹಿಂದೆ ಬಿದ್ದಿದ್ದಾರೆ. ಬಾಸ್ಟನ್ನಿನ ಶಾಲೆಗಳು ಗೆದ್ದದ್ದು ಹೆಚ್ಚು ಹೊತ್ತಿನ ಪಾಠ, ಹಿಂದುಳಿದ ಮಗುವಿಗೆ ಪ್ರತ್ಯೇಕ ಕಲಿಕೆ ಮತ್ತು ಬಿಗಿಯಾದ ಮೇಲ್ವಿಚಾರಣೆಯಿಂದ. ಒಪ್ಪಂದದ ಕಾಗದದಿಂದಲೇ ಇದೆಲ್ಲ ಆಯಿತೆಂದು ನಾನು ನಂಬುವುದಿಲ್ಲ.

ಇಷ್ಟಾಗಿಯೂ ಬಾಸ್ಟನ್ ಇರುವ ಇದೇ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಚಾರ್ಟರ್ ಶಾಲೆಗಳ ಸಂಖ್ಯೆಯ ಮಿತಿಯನ್ನು ಏರಿಸುವ ಪ್ರಸ್ತಾವವನ್ನು 2016ರ ನವೆಂಬರಿನಲ್ಲಿ ಸುಮಾರು ಶೇ. 62 ಮತದಾರರು ತಿರಸ್ಕರಿಸಿದರು. ಚೀಟಿಯಲ್ಲಿ ಸೋತ ಮಕ್ಕಳು ಉಳಿಯುವ ಶಾಲೆಗಳ ಹಣ ಕರಗುತ್ತದೆ ಎಂಬುದು ವಿರೋಧಿಗಳ ಮುಖ್ಯ ಆತಂಕವಾಗಿತ್ತು. ನಮ್ಮ ಪಕ್ಕದ ಮನೆಯ ಹುಡುಗ ಚೀಟಿಯಲ್ಲಿ ಸೋತವನು. ಅವನಿಗೆ ಹೋಗಲು ಇನ್ನೊಂದು ಶಾಲೆ ನಡೆದು ಹೋಗುವಷ್ಟು ದೂರದಲ್ಲೇ ಇತ್ತು. ನಿಮ್ಮೂರಿನ ಹುಡುಗನಿಗೆ ಅಂಥ ಇನ್ನೊಂದು ಶಾಲೆ ಇದೆಯೇ?

ಉತ್ತರ: ಕಾರವಾರದ ತಾಯಿ

ನನ್ನ ಮಗನ ಬುದ್ಧಿ ಬೆಳವಣಿಗೆ ನಿಧಾನ. ಅವನನ್ನು ಒಂದನೆಯ ತರಗತಿಗೆ ಸೇರಿಸಲು ಖಾಸಗಿ ಶಾಲೆಯೊಂದಕ್ಕೆ ಹೋದಾಗ ಇಲ್ಲವೆಂದು ನೇರವಾಗಿ ಹೇಳಲಿಲ್ಲ, ನಮ್ಮಲ್ಲಿ ಅಂಥ ಸೌಲಭ್ಯವಿಲ್ಲ ಎಂದು ಮೂರು ಬಾರಿ ಅಲೆಸಿದರು. ಸರ್ಕಾರಿ ಶಾಲೆಯ ಅಕ್ಕೋರು ಅದೇ ದಿನ ಹೆಸರು ಬರೆದುಕೊಂಡರು. ಫಲಿತಾಂಶ ಬಾರದಿದ್ದರೆ ಮುಚ್ಚುತ್ತೇವೆ ಎಂಬ ಷರತ್ತು ತಲೆಯ ಮೇಲಿರುವ ಸಂಸ್ಥೆ ನನ್ನ ಮಗನಂಥವರನ್ನು ಒಳಗೆ ಕರೆದುಕೊಳ್ಳುತ್ತದೆಯೇ, ಕರೆದುಕೊಂಡರೂ ಉಳಿಸಿಕೊಳ್ಳುತ್ತದೆಯೇ ಎಂಬುದನ್ನು ನಿಮ್ಮ ಸಭೆಯಲ್ಲಿ ದಯವಿಟ್ಟು ಕೇಳಿರಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಮಾಸ್ತರರೇ, ತಾವು ಹೇಳಿದ ತಲೆಲೆಕ್ಕವನ್ನು ನಾವು ಯಾರೂ ಯೋಚಿಸಿರಲಿಲ್ಲ. ಕುಮಟೆಯ ಅಕ್ಕನವರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲ ಎಂದೇ. ಹತ್ತಿರದ ಮತ್ತೊಂದು ಶಾಲೆ ಹಳ್ಳದ ಆಚೆಗಿದೆ, ಆಷಾಢದಲ್ಲಿ ಆ ದಾರಿ ನಾಲ್ಕಾರು ದಿನ ಬಂದ್ ಆಗುತ್ತದೆ. ಒಪ್ಪಂದ ಮುರಿದರೆ ಶಾಲೆ ಮುಚ್ಚುವುದು ಪೇಟೆಯಲ್ಲಿ ಸಂಸ್ಥೆಗೆ ಶಿಕ್ಷೆಯಾಗಬಹುದು, ಇಲ್ಲಿ ಅದು ಹನ್ನೊಂದು ಮಕ್ಕಳಿಗೆ ಆಗುವ ಶಿಕ್ಷೆ.

ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೂ ಕನಿಷ್ಠ ಇಬ್ಬರು ಶಿಕ್ಷಕರಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಬರುವ ಶನಿವಾರದ ಸಭೆಯಲ್ಲಿ ಟ್ರಸ್ಟಿನ ಪ್ರಸ್ತಾವವನ್ನು ಬದಿಗಿಟ್ಟು, ಎರಡನೆಯ ಶಿಕ್ಷಕರ ಹುದ್ದೆಗಾಗಿ ಠರಾವು ಮಾಡಿ ಶಿರಸಿಯ ಉಪನಿರ್ದೇಶಕರ ಕಚೇರಿಗೆ ಕೊಡಬೇಕೆಂದಿದ್ದೇನೆ. ಆ ಅರ್ಜಿಯ ಒಕ್ಕಣೆಯನ್ನು ತಿದ್ದಿಕೊಡಲು ಮಾಸ್ತರರು ಒಪ್ಪುವರೇ?