ಬಿ-17 ಗನ್ನರ್ ಮೇನಾರ್ಡ್ ಸ್ಮಿತ್ ಅವರ ಮೊದಲ ಹಾರಾಟ

ಪ್ರಶ್ನೆ:
ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನದ ಗನ್ನರ್ ಆಗಿದ್ದ ಮೇನಾರ್ಡ್ ಸ್ಮಿತ್ ಅವರಿಗೆ ಮೊದಲ ಹಾರಾಟದ ಸಾಹಸಕ್ಕೇ ಅಮೆರಿಕದ ಅತ್ಯುನ್ನತ ಸೇನಾ ಪದಕವಾದ ಮೆಡಲ್ ಆಫ್ ಆನರ್ ದೊರೆಯಿತೆಂದು ಓದಿದೆ. ಅಂದು ನಡೆದದ್ದನ್ನು ಬಲ್ಲವರು ದಯವಿಟ್ಟು ವಿವರಿಸುವಿರಾ?

ಉತ್ತರ 1:
1943ರ ಮೇ 1ರಂದು ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿದ್ದ ಜರ್ಮನ್ ಜಲಾಂತರ್ಗಾಮಿ ನೆಲೆಯ ಮೇಲೆ ದಾಳಿ ಮುಗಿಸಿ ಇಂಗ್ಲೆಂಡಿಗೆ ಮರಳುವಾಗ ಅವರ ವಿಮಾನಕ್ಕೆ ಗುಂಡು ತಗುಲಿ, ರೇಡಿಯೋ ಕೋಣೆಯಲ್ಲೂ ನಡುಭಾಗದಲ್ಲೂ ಬೆಂಕಿ ಹೊತ್ತಿಕೊಂಡಿತು. ಮೂವರು ಪ್ಯಾರಾಚೂಟ್ ಕಟ್ಟಿಕೊಂಡು ಹೊರಕ್ಕೆ ಧುಮುಕಿದರು. ವಿಮಾನದ ಹೊಟ್ಟೆಯಡಿಯ ಗನ್ನರ್ ಗೂಡಿನಿಂದ ಮೇಲೆದ್ದು ಬಂದ ಸ್ಮಿತ್ ಸುಮಾರು 90 ನಿಮಿಷ ಬೆಂಕಿಯೊಡನೆ ಹೋರಾಡಿದರು. ನಡುನಡುವೆ ಗಾಯಗೊಂಡಿದ್ದ ಬಾಲದ ಗನ್ನರನಿಗೆ ಆರೈಕೆ ಮಾಡಿ, ಎರಗುತ್ತಿದ್ದ ಶತ್ರುವಿಮಾನಗಳತ್ತ ಗುಂಡು ಹಾರಿಸಿ, ಶಾಖಕ್ಕೆ ಸಿಡಿಯತೊಡಗಿದ್ದ ಮದ್ದುಗುಂಡುಗಳನ್ನು ಹೊರಕ್ಕೆಸೆದರು.

ಉತ್ತರ 2:
ಛಿದ್ರವಾಗಿದ್ದ ಆ ವಿಮಾನವನ್ನು ಕಾರ್ನ್‌ವಾಲ್‌ನ ಪ್ರೆಡಾನಕ್‌ನಲ್ಲಿ ಇಳಿಸಿದ ಪೈಲಟ್ ಲೂಯಿಸ್ ಜಾನ್ಸನ್ ಅವರನ್ನೂ ಇಲ್ಲಿ ನೆನೆಯಲೇಬೇಕು. ನೆಲ ಮುಟ್ಟಿದ ಮೇಲೆ ವಿಮಾನ ನಡುವೆಯೇ ಮುರಿಯಿತು.

ಉತ್ತರ 3:
ಜುಲೈಯಲ್ಲಿ ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಪದಕ ನೀಡಲು ಬಂದಾಗ ಸ್ಮಿತ್ ಶಿಕ್ಷೆಯಾಗಿ ಅಡುಗೆಮನೆಯ ಕೆಲಸದಲ್ಲಿದ್ದರು. ಹಲವರು ಈ ಪ್ರಸಂಗವನ್ನೇ ಹಿಗ್ಗಿಸಿ ಹೇಳುವುದು ನನಗೆ ಅನ್ಯಾಯವೆನಿಸುತ್ತದೆ. ಮತ್ತೆ ಕೆಲವೇ ದಾಳಿಗಳಲ್ಲಿ ಹಾರಿದ ಅವರನ್ನು ಯುದ್ಧದ ಮಾನಸಿಕ ಆಘಾತದ ಕಾರಣ ಹಾರಾಟದಿಂದ ಬಿಡಿಸಿ ಕಚೇರಿ ಕೆಲಸಕ್ಕೆ ಹಾಕಲಾಯಿತೆಂಬುದನ್ನೂ ಅಷ್ಟೇ ಗೌರವದಿಂದ ಹೇಳಬೇಕು.