ನ್ಯೂಟನ್ ಪತ್ರಿಕೆ ಶುರು ಮಾಡಲಿಲ್ಲ, ಚಿಕ್ಕಪ್ಪ

ರಘು, ಬೆಳಿಗ್ಗೆ 7:42
(ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ)
ನಿಮಗೆ ಗೊತ್ತೇ? 1665ರಲ್ಲಿ ಮಹಾವಿಜ್ಞಾನಿ ನ್ಯೂಟನ್ ಜಗತ್ತಿನ ಮೊಟ್ಟಮೊದಲ ವಿಜ್ಞಾನ ಪತ್ರಿಕೆಯನ್ನು ಆರಂಭಿಸಿದರು. ಅಂದಿನ ವಿಜ್ಞಾನಿಗಳು ಹೆಸರು, ಹಣ ಯಾವುದನ್ನೂ ಬಯಸದೆ ತಮ್ಮ ಜ್ಞಾನವನ್ನು ಲೋಕಕ್ಕೆ ಧಾರೆ ಎರೆದರು. ಇಂದಿನವರು? ಹತ್ತು ಗುಂಪುಗಳಿಗೆ ಕಳುಹಿಸಿ 🙏

ಅನನ್ಯಾ, 8:05
ಚಿಕ್ಕಪ್ಪ, ಆಗ ನ್ಯೂಟನ್‌ಗೆ ಇಪ್ಪತ್ತೆರಡು ವರ್ಷ. ಆ ವರ್ಷವೇ ಪ್ಲೇಗ್ ಬಂದು ಕೇಂಬ್ರಿಡ್ಜ್ ಬಾಗಿಲು ಹಾಕಿತೆಂದು ಊರಿಗೆ ಹೋಗಿ ಕುಳಿತ ಹುಡುಗ. ಪತ್ರಿಕೆ ಶುರು ಮಾಡಿದ್ದು ಹೆನ್ರಿ ಓಲ್ಡನ್‌ಬರ್ಗ್. ಜರ್ಮನಿಯ ಬ್ರೆಮೆನ್‌ನಲ್ಲಿ ಹುಟ್ಟಿ, ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾದವನು. ಪತ್ರಿಕೆಯ ಹೆಸರು ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್, ಮೊದಲ ಸಂಚಿಕೆ 1665ರ ಮಾರ್ಚ್ 6. ಪ್ಯಾರಿಸ್‌ನಲ್ಲಿ ಅದಕ್ಕೂ ಎರಡು ತಿಂಗಳು ಮೊದಲೇ ಇನ್ನೊಂದು ಪತ್ರಿಕೆ ಬಂದಿತ್ತು.

ರಘು, 8:11
ಹೆಸರು ಹೆಚ್ಚುಕಡಿಮೆ ಆಗಿರಬಹುದಮ್ಮ, ಮಾತಿನ ತಿರುಳು ನೋಡು. ಆಗ ನಿಸ್ವಾರ್ಥ ಇತ್ತು. ನಿನ್ನ ಪ್ರಬಂಧವನ್ನು ಪತ್ರಿಕೆಯವರು ಎಂಟು ತಿಂಗಳಿಂದ ಅಚ್ಚು ಹಾಕದೆ ಒಳಗಿಟ್ಟುಕೊಂಡು ಕುಳಿತಿದ್ದಾರಲ್ಲ, ಆಗ ಹೀಗಿತ್ತೇ?

ಸುಮಾ, 8:26
ತಿರುಳೇ ಹುಳುಕು ರಘು. 1610ರಲ್ಲಿ ಶನಿಯ ವಿಚಿತ್ರ ಆಕಾರ ಕಂಡಾಗ ಗೆಲಿಲಿಯೊ ಏನು ಮಾಡಿದ ಗೊತ್ತೇ? ಕಂಡದ್ದನ್ನು ಲ್ಯಾಟಿನ್‌ನಲ್ಲಿ ಒಂದು ಸಾಲು ಬರೆದು, ಅಕ್ಷರಗಳನ್ನೆಲ್ಲ ಕಲಸಿ, ಆ ಕಲಸುಮೇಲೋಗರವನ್ನು ಕಳುಹಿಸಿದ. ನಾಳೆ ಬೇರೆಯವರು ಅದನ್ನೇ ಕಂಡರೆ ‘ನಾನೇ ಮೊದಲು’ ಎಂದು ಬಿಡಿಸಿ ತೋರಿಸಬಹುದು, ಅಲ್ಲಿಯವರೆಗೆ ಯಾರಿಗೂ ಏನೂ ತಿಳಿಯಬಾರದು. ಖಗೋಳಜ್ಞ ಕೆಪ್ಲರ್ ಕಷ್ಟಪಟ್ಟು ತಪ್ಪಾಗಿ ಬಿಡಿಸಿ, ಮಂಗಳನಿಗೆ ಎರಡು ಚಂದ್ರ ಎಂದು ಓದಿಕೊಂಡ. (ಮಂಗಳನಿಗೆ ಎರಡು ಚಂದ್ರ ಇರುವುದು ನಿಜವೇ. ಅವು ಕಂಡದ್ದು 1877ರಲ್ಲಿ. ಅದು ಬೇರೆ ತಮಾಷೆ.)
ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಸ್ಪ್ರಿಂಗ್ ನಿಯಮವನ್ನು 1676ರಲ್ಲಿ ಹೀಗೆಯೇ ಹದಿನಾಲ್ಕು ಅಕ್ಷರಗಳ ಗಂಟು ಕಟ್ಟಿ ಅಚ್ಚು ಹಾಕಿಸಿದ. ಗಂಟು ಬಿಚ್ಚಿದ್ದು ಎರಡು ವರ್ಷದ ಮೇಲೆ. ಇದೇ ನಿನ್ನ ಧಾರೆ ಎರೆಯುವುದು.

ಕಾರ್ತಿಕ್, 8:28
ಅಜ್ಜಿಯ ಸಾರಿನ ಪುಡಿಯ ಹಾಗೆ 😄

ಅಜ್ಜಿ, 8:33
🎤 ಧ್ವನಿ ಸಂದೇಶ 0:09

ಸುಮಾ, 8:34
ಅಮ್ಮ, ನಿನ್ನನ್ನು ಯಾರೂ ಬೈದಿಲ್ಲ.

ಶ್ರೀಧರ, 8:50
ಮೂವತ್ತು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವನು ನಾನು, ಒಂದು ಮಾತು ಹೇಳುತ್ತೇನೆ. ಆ ಮೊದಲ ಸಂಚಿಕೆಯ ಚಿತ್ರವನ್ನು ಅನನ್ಯಾ ಒಮ್ಮೆ ತೋರಿಸಿದ್ದಳು. ಹದಿನಾರು ಪುಟ, ಅಂದರೆ ಎಂಟು ಪುಟದ ಎರಡು ಫಾರಂ (ಅಚ್ಚು ಹಾಕಿ ಮಡಚಿದ ದೊಡ್ಡ ಹಾಳೆ). ಗುರುಗ್ರಹದ ಮೇಲಿನ ಚುಕ್ಕೆ, ರೋಮಿನಲ್ಲಿ ಉಜ್ಜಿದ ಮಸೂರ, ಬರ್ಮುಡಾದ ತಿಮಿಂಗಿಲ ಬೇಟೆ, ವಿಕಾರವಾಗಿ ಹುಟ್ಟಿದ ಒಂದು ಕರು. ಎಲ್ಲವೂ ಅಕ್ಕಪಕ್ಕ. ಓಲ್ಡನ್‌ಬರ್ಗ್‌ಗೆ ಆಗ ಸೊಸೈಟಿಯಿಂದ ಸಂಬಳವೂ ಇರಲಿಲ್ಲ. ನಾಲ್ಕು ಕಾಸು ಉಳಿದೀತು ಎಂದೇ ಕೈಹಾಕಿದ್ದು. ಉಳಿದದ್ದು ಅಷ್ಟಕ್ಕಷ್ಟೆ. ಆ ಸಂಕಟ ನನಗೆ ಅರ್ಥವಾಗುತ್ತದೆ.

ರಘು, 8:58
ಅಂದರೆ ಎಲ್ಲರೂ ಕಳ್ಳರು, ವ್ಯಾಪಾರಿಗಳು ಎನ್ನುತ್ತೀರಾ ಭಾವ?

ಅನನ್ಯಾ, 9:07
ಕಳ್ಳರಲ್ಲ, ಕಳ್ಳರಿಗೆ ಹೆದರಿದವರು. ಓಲ್ಡನ್‌ಬರ್ಗ್‌ನ ಜಾಣತನ ಇರುವುದು ಅಲ್ಲೇ. ‘ನಿಮ್ಮ ಗುಟ್ಟನ್ನು ಕೊಡಿ, ಅದು ಬಂದ ದಿನವನ್ನು ಬರೆದಿಟ್ಟು ಅಚ್ಚು ಹಾಕುತ್ತೇನೆ, ಮೊದಲಿಗರು ನೀವೇ ಎಂಬುದಕ್ಕೆ ಅಚ್ಚೇ ಸಾಕ್ಷಿ.’ ಅವನ ಲೆಕ್ಕ ಇಷ್ಟೇ. ಮುಚ್ಚಿಟ್ಟವನಿಗೆ ಸಿಗುತ್ತಿದ್ದ ಲಾಭ ಈಗ ಬಿಚ್ಚಿಟ್ಟವನಿಗೆ. ನಿಸ್ವಾರ್ಥದಿಂದಲ್ಲ ಚಿಕ್ಕಪ್ಪ, ಸ್ವಾರ್ಥಕ್ಕೆ ಒಳ್ಳೆಯ ದಾರಿ ತೋರಿಸಿದ್ದರಿಂದ ವಿಜ್ಞಾನ ಎಲ್ಲರ ಕೈಗೆ ಬಂದದ್ದು.
ನಿಸ್ವಾರ್ಥ ಬೇಕೇ ಬೇಕು ಎಂದರೆ ಓಲ್ಡನ್‌ಬರ್ಗ್‌ನಲ್ಲೇ ಹುಡುಕಿ. ಡೆಲ್ಫ್ಟ್ ಊರಿನ ಜವಳಿ ವ್ಯಾಪಾರಿ ಲೇವನ್‌ಹುಕ್‌ಗೆ ಲ್ಯಾಟಿನ್ ಬರುತ್ತಿರಲಿಲ್ಲ. ನೀರಿನ ಹನಿಯಲ್ಲಿ ಜೀವಿಗಳು ಓಡಾಡುತ್ತಿವೆ ಎಂದು 1676ರಲ್ಲಿ ಡಚ್ ಭಾಷೆಯಲ್ಲೇ ಬರೆದ. ಅದನ್ನು ಇಂಗ್ಲಿಷ್‌ಗೆ ತಂದು 1677ರಲ್ಲಿ ಅಚ್ಚು ಹಾಕಿದ್ದು ಇದೇ ಕಾರ್ಯದರ್ಶಿ. ಪರದೇಶಗಳ ಜೊತೆ ಇಷ್ಟೊಂದು ಪತ್ರ ವ್ಯವಹಾರ ಏಕೆ ಎಂಬ ಗುಮಾನಿಯಿಂದ, ಡಚ್ಚರ ಜೊತೆಗಿನ ಯುದ್ಧದ ಕಾಲದಲ್ಲಿ, 1667ರಲ್ಲಿ ಅವನನ್ನು ಎರಡು ತಿಂಗಳು ಲಂಡನ್ ಟವರ್ ಎಂಬ ಕೋಟೆಯ ಸೆರೆಯಲ್ಲಿ ಕೂಡಿಹಾಕಿದ್ದರು.

ಸುಮಾ, 9:12
ಅವನಿಗೆ ಪತ್ರಗಳು ಬರುತ್ತಿದ್ದ ಇನ್ನೊಂದು ಹೆಸರನ್ನೂ ಹೇಳು. ಗ್ರೂಬೆಂಡಾಲ್! ಓಲ್ಡನ್‌ಬರ್ಗ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಕಲಸಿದ್ದು. ಗುಟ್ಟು ಬಿಡಿಸುವವನಿಗೂ ಒಂದು ಗುಟ್ಟು.

ರಘು, 9:20
ಇರಲಿ. ಆದರೆ ನ್ಯೂಟನ್ ಅದರಲ್ಲಿ ಬರೆದದ್ದು ಸುಳ್ಳೇ?

ಸುಮಾ, 9:31
ಬರೆದ. 1672ರಲ್ಲಿ, ಬೆಳಕು ಮತ್ತು ಬಣ್ಣದ ಬಗ್ಗೆ. ಹುಕ್ ತಗಾದೆ ತೆಗೆದ. ನ್ಯೂಟನ್‌ಗೆ ಅಚ್ಚಿನ ಸಹವಾಸವೇ ಬೇಡವೆನಿಸಿತು. ಹುಕ್ ತೀರಿಕೊಂಡದ್ದು 1703ರಲ್ಲಿ, ನ್ಯೂಟನ್‌ನ ಬೆಳಕಿನ ಪುಸ್ತಕ ‘ಆಪ್ಟಿಕ್ಸ್’ ಹೊರಬಂದದ್ದು 1704ರಲ್ಲಿ. ಲೆಕ್ಕ ನೀನೇ ಹಾಕು.

ಶ್ರೀಧರ, 9:36
ನ್ಯೂಟನ್‌ನ ಚಲನೆ, ಗುರುತ್ವದ ಪುಸ್ತಕ ‘ಪ್ರಿನ್ಸಿಪಿಯಾ’ ಅಚ್ಚಾಗುವಾಗ ಸೊಸೈಟಿಯ ಗಲ್ಲಾ ಖಾಲಿ. ಹಿಂದಿನ ವರ್ಷವಷ್ಟೇ ಮೀನುಗಳ ಬಗ್ಗೆ ಒಂದು ಭಾರೀ ಸಚಿತ್ರ ಪುಸ್ತಕ ತಂದು ಕೈಸುಟ್ಟುಕೊಂಡಿದ್ದರು. ಸೊಸೈಟಿಯ ಗುಮಾಸ್ತನಾಗಿದ್ದ ಖಗೋಳಜ್ಞ ಹ್ಯಾಲಿ ತನ್ನ ಕಿಸೆಯಿಂದ ಖರ್ಚು ಹಾಕಿ 1687ರಲ್ಲಿ ನ್ಯೂಟನ್‌ನನ್ನು ಅಚ್ಚು ಹಾಕಿಸಿದ. ಆ ಹ್ಯಾಲಿಗೆ ಸೊಸೈಟಿ ಸಂಬಳದ ಬದಲು ಕೊಟ್ಟದ್ದು ಆ ಮೀನಿನ ಪುಸ್ತಕದ ಪ್ರತಿಗಳನ್ನು. ನನಗೂ ಒಬ್ಬರು ಹೀಗೆಯೇ ಕವನ ಸಂಕಲನ ಕೊಟ್ಟಿದ್ದರು, ಅಟ್ಟದ ಮೇಲೆ ಇನ್ನೂ ಎರಡು ಕಟ್ಟು ಇವೆ.

ರಘು, 9:44
ನಮ್ಮ ರಾಮನ್ ಹಾಗಲ್ಲ. ಅವರಿಗೆ ಈ ಪೈಪೋಟಿ ಇರಲಿಲ್ಲ.

ಸುಮಾ, 9:55
ರಾಮನ್ ಅವರಿಗೇ? ಚದುರಿದ ಬೆಳಕಿನಲ್ಲಿ ಸ್ವಲ್ಪ ಭಾಗದ ಬಣ್ಣ ಬದಲಾಗುವುದನ್ನು 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡರು. ಮಾರ್ಚ್ 16ರಂದು ನಮ್ಮ ಬೆಂಗಳೂರಿನಲ್ಲೇ ಭಾಷಣ, ಮಾರ್ಚ್ 31ಕ್ಕೆ ಅದು ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚು. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಅದೇ ಫೆಬ್ರವರಿಯಲ್ಲಿ ಅದನ್ನೇ ಸ್ಫಟಿಕದಲ್ಲಿ ಕಂಡಿದ್ದರು, ಅಚ್ಚಿಗೆ ಕೊಡುವಾಗ ತಡವಾಯಿತು. ಅವಸರ ಮಾಡಿದ್ದು ತಪ್ಪಲ್ಲ. ಅವಸರ ಮಾಡಿದ್ದಕ್ಕೇ ಅದು ರಾಮನ್ ಪರಿಣಾಮ.

ರಘು, 10:02
ಸರಿ, ನ್ಯೂಟನ್ ಹೆಸರು ತೆಗೆಯುತ್ತೇನೆ. ‘ಧಾರೆ ಎರೆದರು’ ಇರಲಿ, ಓದಲು ಚೆನ್ನಾಗಿದೆ.

ಶ್ರೀಧರ, 10:05
ಅನನ್ಯಾ, ನಿನ್ನ ಪ್ರಬಂಧ ತಲುಪಿದ ದಿನಾಂಕವನ್ನು ಅವರು ಬರೆದಿಟ್ಟಿದ್ದಾರೆಯೇ?

ಅನನ್ಯಾ, 10:06
ಇಟ್ಟಿದ್ದಾರೆ ಮಾವ. ಅಚ್ಚಾದರೆ ಮೊದಲ ಪುಟದಲ್ಲೇ ಇರುತ್ತದೆ. ಅಚ್ಚಾದರೆ.

ಅಜ್ಜಿ, 10:14
🎤 ಧ್ವನಿ ಸಂದೇಶ 0:48

ಕಾರ್ತಿಕ್, 10:16
ಎಲ್ಲರೂ ಕೇಳಿ! ಅಜ್ಜಿ ಸಾರಿನ ಪುಡಿಯ ಅಳತೆ ಹೇಳಿದ್ದಾರೆ. ಮೆಂತ್ಯ ಮತ್ತು ಇಂಗಿಗೆ ಮಾತ್ರ ‘ಕಣ್ಣಂದಾಜು’ ಎಂದಿದ್ದಾರೆ.

ಸುಮಾ, 10:17
ಕಣ್ಣಂದಾಜು ಎಂದರೆ ಹೇಳುವುದಿಲ್ಲ ಎಂದರ್ಥ. ನಲವತ್ತು ವರ್ಷದಿಂದ ಕೇಳುತ್ತಿದ್ದೇನೆ.